ಮೊಣಕಾಲಿನ ಅಸ್ಥಿರಜ್ಜು ಪುನರ್ರಚನೆಯಲ್ಲಿ ಕಸಿ ಸಿದ್ಧತೆ

ಕಸಿ ಸಿದ್ಧತೆ ಎಂದರೆ ಮೊಣಕಾಲಿನಲ್ಲಿ ಹರಿದುಹೋದ ಅಸ್ಥಿರಜ್ಜುವಿನ ಬದಲಿಗೆ ಕೂರಿಸಲು ತೆಗೆದುಕೊಂಡ ಸ್ನಾಯುರಜ್ಜುವನ್ನು ಶಸ್ತ್ರಚಿಕಿತ್ಸೆಯ ನಡುವೆಯೇ ಶುಚಿಗೊಳಿಸಿ, ಮಡಚಿ, ಹೊಲಿದು, ಅಳೆದು, ಎಳೆದು ಹದಗೊಳಿಸುವ ಕೆಲಸ. ಮುಂಭಾಗದ ಅಡ್ಡ ಅಸ್ಥಿರಜ್ಜುವಿನ (ಎಸಿಎಲ್) ಪುನರ್ರಚನೆಯಲ್ಲಿ ಇದು ಮುಖ್ಯ ಹಂತ. ಶಸ್ತ್ರಚಿಕಿತ್ಸಕರು ಮೊಣಕಾಲಿನೊಳಗೆ ಕೆಲಸ ಮಾಡುತ್ತಿರುವಾಗ ಪಕ್ಕದ ಮೇಜಿನ ಮೇಲೆ ಸಾಮಾನ್ಯವಾಗಿ ಸಹಾಯಕರೊಬ್ಬರು ಇದನ್ನು ನಿರ್ವಹಿಸುತ್ತಾರೆ. ಕಸಿಯ ದಪ್ಪ, ಎಳೆಗಳ ಸಂಖ್ಯೆ, ಎಳೆಗಳಿಗೆ ಸಮನಾಗಿ ಹಂಚಿಹೋಗುವ ಎಳೆತ, ಹೊಲಿಗೆಯ ಹಿಡಿತ ಮತ್ತು ಕೂರಿಸುವ ಮೊದಲಿನ ಹಿಗ್ಗಿಸುವಿಕೆ ಈ ಹಂತದಲ್ಲಿ ನಿರ್ಧಾರವಾಗುತ್ತವೆ.

ಸ್ನಾಯುರಜ್ಜುವಿಗೆ ಸ್ವಭಾವತಃ ಇರುವ ಬಲವನ್ನು ಸಿದ್ಧತೆಯು ಹೆಚ್ಚಿಸುವುದಿಲ್ಲ. ಇರುವ ಬಲವನ್ನು ಕಳೆದುಕೊಳ್ಳದೆ, ಎಲ್ಲ ಎಳೆಗಳೂ ಒಟ್ಟಿಗೆ ಭಾರ ಹೊರುವಂತೆ ಮಾಡುವುದು ಅದರ ಉದ್ದೇಶ. ಆದ್ದರಿಂದ ಒಂದೇ ಬಗೆಯ ಸ್ನಾಯುರಜ್ಜುವಿನಿಂದ ತಯಾರಿಸಿದ ಎರಡು ಕಸಿಗಳ ಬಲದಲ್ಲಿ ಗಣನೀಯ ವ್ಯತ್ಯಾಸ ಇರಬಹುದು.

## ಹಿನ್ನೆಲೆ

ಮೊಣಕಾಲು ಮುಖ್ಯವಾಗಿ ತೊಡೆಮೂಳೆ ಮತ್ತು ಅದರ ಕೆಳಗಿನ ದೊಡ್ಡ ಮೂಳೆಯಾದ ಟಿಬಿಯಾ ಸೇರುವ ಕೀಲು. ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿಗೆ ಅಸ್ಥಿರಜ್ಜು ಎಂದೂ, ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿಗೆ ಸ್ನಾಯುರಜ್ಜು ಎಂದೂ ಹೆಸರು. ಎಸಿಎಲ್ ತೊಡೆಮೂಳೆಯ ಹೊರಗಂಟಿನ ಒಳಮುಖದಿಂದ ಹೊರಟು, ಕೀಲಿನ ನಡುವೆ ಓರೆಯಾಗಿ ಇಳಿದು, ಟಿಬಿಯಾದ ಮೇಲ್ಮೈಯ ಮುಂಭಾಗಕ್ಕೆ ಅಂಟಿಕೊಳ್ಳುತ್ತದೆ. ಇದರ ಉದ್ದ ಸರಾಸರಿ 32 ಮಿ.ಮೀ. ಟಿಬಿಯಾ ಮುಂದಕ್ಕೆ ಜಾರದಂತೆ ತಡೆಯುವುದು ಮತ್ತು ಮೊಣಕಾಲು ಅತಿಯಾಗಿ ತಿರುಚದಂತೆ ಕಾಯುವುದು ಇದರ ಕೆಲಸ.

ಪಾದ ನೆಲಕ್ಕೆ ಊರಿದ್ದಾಗ ದೇಹ ಹಠಾತ್ತನೆ ತಿರುಗಿದರೆ, ಓಡುವಾಗ ತಟ್ಟನೆ ನಿಂತರೆ ಅಥವಾ ನೆಗೆದು ಕಾಲು ಸೊಟ್ಟಗಾಗಿ ಇಳಿದರೆ ಎಸಿಎಲ್ ಹರಿಯಬಹುದು. ಪೂರ್ತಿಯಾಗಿ ಹರಿದ ಎಸಿಎಲ್ ತಾನಾಗಿ ಸರಿಯಾಗಿ ಕೂಡಿಕೊಳ್ಳುವುದು ಅಪರೂಪ. ಕೀಲಿನ ದ್ರವದಲ್ಲಿ ರಕ್ತದ ಹೆಪ್ಪು ನಿಲ್ಲದಿರುವುದು ಮತ್ತು ಹರಿದ ತುದಿಗಳು ಒಂದರಿಂದೊಂದು ದೂರ ಸರಿಯುವುದು ಇದಕ್ಕೆ ಕಾರಣಗಳು. ಹೀಗಾಗಿ ತುದಿಗಳನ್ನು ಹೊಲಿಯುವ ಬದಲು, ಬೇರೆಡೆಯಿಂದ ತಂದ ಸ್ನಾಯುರಜ್ಜುವನ್ನು ಮೂಳೆಗಳಲ್ಲಿ ಕೊರೆದ ಸುರಂಗಗಳ ಮೂಲಕ ಹಾಯಿಸಿ ಹೊಸ ಅಸ್ಥಿರಜ್ಜುವನ್ನು ಕಟ್ಟುವ ಪದ್ಧತಿ ಬೆಳೆದು ಬಂದಿತು.

## ಇತಿಹಾಸ

ಇಂಗ್ಲೆಂಡಿನ ಮೇಯೋ ರಾಬ್ಸನ್ 1895ರಲ್ಲಿ ಹರಿದ ಅಡ್ಡ ಅಸ್ಥಿರಜ್ಜುಗಳನ್ನು ಹೊಲಿದು ಸರಿಪಡಿಸಿದರು. 1917ರಲ್ಲಿ ಹೇ ಗ್ರೋವ್ಸ್ ತೊಡೆಯ ಹೊರಬದಿಯ ಪಟ್ಟಿಯೊಂದನ್ನು ಮೂಳೆಯ ಸುರಂಗಗಳಲ್ಲಿ ಹಾಯಿಸಿ ಹೊಸ ಅಸ್ಥಿರಜ್ಜುವನ್ನು ರಚಿಸಿದ ವರದಿ ಪ್ರಕಟಿಸಿದರು. 1963ರಲ್ಲಿ ಅಮೆರಿಕದ ಕೆನೆತ್ ಜೋನ್ಸ್ ಮಂಡಿಚಿಪ್ಪಿನ ಸ್ನಾಯುರಜ್ಜುವಿನ ನಡುಭಾಗವನ್ನು ಬಳಸಿದರು. 1980ರ ದಶಕದಲ್ಲಿ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುರಜ್ಜುಗಳ ಬಳಕೆ ಹೆಚ್ಚಿತು. ಅದೇ ದಶಕದಲ್ಲಿ ಇಂಗಾಲದ ನಾರು, ಗೋರ್‌ಟೆಕ್ಸ್ ಮುಂತಾದ ಕೃತಕ ವಸ್ತುಗಳನ್ನೂ ಬಳಸಿ ನೋಡಲಾಯಿತು. ಅವು ಸವೆದು ಉದುರಿಸಿದ ಕಣಗಳಿಂದ ಕೀಲಿನಲ್ಲಿ ಉರಿಯೂತ ಉಂಟಾಗಿದ್ದರಿಂದ ಹೆಚ್ಚಿನವು ಬಳಕೆಯಿಂದ ಮರೆಯಾದವು.

1984ರಲ್ಲಿ ಫ್ರ್ಯಾಂಕ್ ನೋಯ್ಸ್ ಮತ್ತು ಸಂಗಡಿಗರು ಮಾನವ ಅಂಗಾಂಶಗಳನ್ನು ಯಂತ್ರದಲ್ಲಿ ಎಳೆದು, ಯಾವುದು ಎಷ್ಟು ಭಾರಕ್ಕೆ ಹರಿಯುತ್ತದೆ ಎಂಬುದನ್ನು ಹೋಲಿಸಿದರು. ಕಸಿಯ ಬಲದ ಕುರಿತ ಚರ್ಚೆಗೆ ಅಂಕಿಗಳ ಆಧಾರ ಸಿಕ್ಕಿದ್ದು ಈ ಅಧ್ಯಯನದಿಂದ.

## ಬಲದ ಅಳತೆ

ಕಸಿಯ ಬಲವನ್ನು ಎರಡು ಗುಣಗಳಿಂದ ಅಳೆಯುತ್ತಾರೆ. ಮೊದಲನೆಯದು ಹರಿಯುವ ಭಾರ, ಅಂದರೆ ಕಸಿ ತುಂಡಾಗುವ ಮೊದಲು ತಡೆದುಕೊಳ್ಳುವ ಗರಿಷ್ಠ ಎಳೆತ. ಇದರ ಮಾನ ನ್ಯೂಟನ್. ಒಂದು ಕಿಲೋಗ್ರಾಂ ತೂಕವನ್ನು ತೂಗುಹಾಕಿದಾಗ ಉಂಟಾಗುವ ಎಳೆತ ಸುಮಾರು 9.8 ನ್ಯೂಟನ್. ಎರಡನೆಯದು ಪೆಡಸುತನ, ಅಂದರೆ ಎಳೆದಾಗ ಕಸಿ ಎಷ್ಟು ಕಡಿಮೆ ಹಿಗ್ಗುತ್ತದೆ ಎಂಬುದು. ಹರಿಯದೆ ಇದ್ದರೂ ಬಹಳ ಹಿಗ್ಗುವ ಕಸಿಯಿಂದ ಮೊಣಕಾಲು ಸಡಿಲವಾಗಿಯೇ ಉಳಿಯುತ್ತದೆ. ಆದ್ದರಿಂದ ಎರಡೂ ಗುಣಗಳು ಮುಖ್ಯ.

ಪ್ರಯೋಗಾಲಯಗಳಲ್ಲಿ ದಾಖಲಾದ ಕೆಲವು ಸರಾಸರಿಗಳು ಹೀಗಿವೆ:

| ಅಂಗಾಂಶ | ಹರಿಯುವ ಭಾರ (ನ್ಯೂಟನ್) |
|---|---|
| ಸಹಜ ಎಸಿಎಲ್ (ಯುವ ವಯಸ್ಸಿನವರದು) | 2160 |
| ಮಂಡಿಚಿಪ್ಪಿನ ಸ್ನಾಯುರಜ್ಜು (10 ಮಿ.ಮೀ. ಅಗಲ) | 2977 |
| ಕ್ವಾಡ್ರಿಸೆಪ್ಸ್ ಸ್ನಾಯುರಜ್ಜು (10 ಮಿ.ಮೀ. ಅಗಲ) | 2352 |
| ಸೆಮಿಟೆಂಡಿನೋಸಸ್ (ಒಂದು ಎಳೆ) | 1216 |
| ಗ್ರಾಸಿಲಿಸ್ (ಒಂದು ಎಳೆ) | 838 |
| ನಾಲ್ಕು ಎಳೆಯ ಹ್ಯಾಮ್‌ಸ್ಟ್ರಿಂಗ್ (ಸಮ ಎಳೆತದಲ್ಲಿ) | 4090 |

ಈ ಅಂಕಿಗಳು ಬೇರೆ ಬೇರೆ ಪ್ರಯೋಗಗಳಿಂದ ಬಂದವು. ದಾನಿಯ ವಯಸ್ಸು, ಅಂಗಾಂಶವನ್ನು ಹಿಡಿದ ರೀತಿ, ಎಳೆದ ವೇಗ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸಹಜ ಎಸಿಎಲ್‌ನ 2160 ನ್ಯೂಟನ್ ಬಲವನ್ನು ವರದಿಮಾಡಿದ 1991ರ ಅಧ್ಯಯನದಲ್ಲಿಯೇ ಹಿರಿಯ ವಯಸ್ಸಿನವರ ಎಸಿಎಲ್ ಸರಾಸರಿ 658 ನ್ಯೂಟನ್‌ಗೆ ಹರಿಯಿತು. ಹೋಲಿಕೆಗಾಗಿ, ದಿನನಿತ್ಯದ ಚಟುವಟಿಕೆಗಳಲ್ಲಿ ಎಸಿಎಲ್ ಮೇಲೆ ಬೀಳುವ ಭಾರ ಸುಮಾರು 450 ನ್ಯೂಟನ್‌ವರೆಗೆ, ಅಂದರೆ ಸುಮಾರು 46 ಕಿಲೋಗ್ರಾಂ ತೂಕದಷ್ಟು ಇರಬಹುದೆಂದು ಅಂದಾಜಿಸಲಾಗಿದೆ.

ಕೋಷ್ಟಕವನ್ನು ಗಮನಿಸಿದರೆ ಸಿದ್ಧತೆಯ ಮಹತ್ವ ತಿಳಿಯುತ್ತದೆ. ಹ್ಯಾಮ್‌ಸ್ಟ್ರಿಂಗ್‌ನ ಒಂದು ಎಳೆ ಸಹಜ ಎಸಿಎಲ್‌ಗಿಂತ ದುರ್ಬಲ. ಅದನ್ನೇ ಮಡಚಿ, ಎಳೆಗಳನ್ನು ಸಮವಾಗಿ ಬಿಗಿದಾಗ ಸಹಜ ಎಸಿಎಲ್‌ನ ಹೆಚ್ಚುಕಡಿಮೆ ಎರಡು ಪಟ್ಟು ಬಲ ದೊರೆಯುತ್ತದೆ.

## ಕಸಿಯ ಮೂಲಗಳು

ಹ್ಯಾಮ್‌ಸ್ಟ್ರಿಂಗ್: ಸೆಮಿಟೆಂಡಿನೋಸಸ್ ಮತ್ತು ಗ್ರಾಸಿಲಿಸ್ ಎಂಬ ಎರಡು ಉದ್ದನೆಯ ಸ್ನಾಯುರಜ್ಜುಗಳನ್ನು ಟಿಬಿಯಾದ ಒಳಬದಿಯ ಸಣ್ಣ ಗಾಯದ ಮೂಲಕ ತೆಗೆಯಲಾಗುತ್ತದೆ.

ಮಂಡಿಚಿಪ್ಪಿನ ಸ್ನಾಯುರಜ್ಜು: ಎರಡೂ ತುದಿಗಳಲ್ಲಿ ಮೂಳೆಯ ತುಣುಕುಗಳಿರುವಂತೆ ನಡುಭಾಗದ ಪಟ್ಟಿಯನ್ನು ತೆಗೆಯುತ್ತಾರೆ. ಸುರಂಗದಲ್ಲಿ ಮೂಳೆಗೆ ಮೂಳೆ ಬೇಗ ಕೂಡಿಕೊಳ್ಳುತ್ತದೆ. ಆದರೆ ಮಂಡಿಯೂರಿ ಕೂರುವಾಗ ಮುಂಭಾಗದಲ್ಲಿ ನೋವು ಉಳಿಯುವ ಸಾಧ್ಯತೆ ಹೆಚ್ಚು.

ಕ್ವಾಡ್ರಿಸೆಪ್ಸ್: ಮಂಡಿಚಿಪ್ಪಿನ ಮೇಲ್ಭಾಗದಿಂದ ತೆಗೆಯುವ ದಪ್ಪನೆಯ ಸ್ನಾಯುರಜ್ಜು.

ಪೆರೋನಿಯಸ್ ಲಾಂಗಸ್: ಹರಡಿನ ಹೊರಬದಿಯಿಂದ ತೆಗೆಯುವ ಸ್ನಾಯುರಜ್ಜು. ಭಾರತದಲ್ಲಿ ಇತ್ತೀಚೆಗೆ ಇದರ ಬಳಕೆ ಹೆಚ್ಚುತ್ತಿದೆ.

ದಾನಿಯ ಅಂಗಾಂಶ: ಮೃತ ದಾನಿಗಳಿಂದ ಪಡೆದು ಶೈತ್ಯದಲ್ಲಿಟ್ಟ ಸ್ನಾಯುರಜ್ಜು. ರೋಗಿಯ ದೇಹದಿಂದ ಏನನ್ನೂ ತೆಗೆಯಬೇಕಿಲ್ಲ. ಆದರೆ ಯುವಕರಲ್ಲಿ ಇದು ಮತ್ತೆ ಹರಿಯುವ ಪ್ರಮಾಣ ಸ್ವಂತ ಅಂಗಾಂಶಕ್ಕಿಂತ ಹೆಚ್ಚು. ಶುದ್ಧೀಕರಣಕ್ಕಾಗಿ ಬಳಸುವ ಗಾಮಾ ವಿಕಿರಣದ ಪ್ರಮಾಣ ಹೆಚ್ಚಿದಂತೆ ಅದರ ಬಲವೂ ಕುಗ್ಗುತ್ತದೆ.

## ಸಿದ್ಧತೆಯ ಹಂತಗಳು

### ತೆಗೆಯುವಿಕೆ ಮತ್ತು ಶುಚಿ

ಹ್ಯಾಮ್‌ಸ್ಟ್ರಿಂಗ್ ಕಸಿಯ ಬಲಕ್ಕೆ ಮೊದಲ ಅಪಾಯ ಎದುರಾಗುವುದು ಅದನ್ನು ತೆಗೆಯುವಾಗ. ಸೆಮಿಟೆಂಡಿನೋಸಸ್‌ನಿಂದ ಮೀನಖಂಡದ ಸ್ನಾಯುವಿನ ಹೊದಿಕೆಯ ಕಡೆಗೆ ಕವಲು ಪಟ್ಟಿಗಳು ಹೋಗಿರುತ್ತವೆ. ಅವನ್ನು ಗುರುತಿಸಿ ಕತ್ತರಿಸದೆ ತೆಗೆಯುವ ಸಾಧನವನ್ನು ಮುಂದೂಡಿದರೆ, ಸಾಧನವು ಕವಲಿನತ್ತ ಜಾರಿ ಸ್ನಾಯುರಜ್ಜುವನ್ನು ಅರ್ಧದಲ್ಲೇ ತುಂಡರಿಸಬಹುದು. ಗಿಡ್ಡವಾದ ಸ್ನಾಯುರಜ್ಜುವನ್ನು ಬೇಕಾದಷ್ಟು ಬಾರಿ ಮಡಚಲಾಗುವುದಿಲ್ಲ. ಕಸಿ ತೆಳುವಾಗಿಯೇ ಉಳಿಯುತ್ತದೆ.

ಹೊರತೆಗೆದ ಸ್ನಾಯುರಜ್ಜುವಿಗೆ ಅಂಟಿಕೊಂಡ ಮಾಂಸದ ಭಾಗವನ್ನು ಮೊಂಡು ಅಂಚಿನ ಸಾಧನದಿಂದ ಹೆರೆದು ತೆಗೆಯಲಾಗುತ್ತದೆ. ಮಾಂಸದ ಭಾಗ ಭಾರ ಹೊರುವುದಿಲ್ಲ. ಅದು ಉಳಿದರೆ ಅಳತೆಯಲ್ಲಿ ಮಾತ್ರ ಕಸಿ ದಪ್ಪವಾಗಿ ಕಾಣುತ್ತದೆ. ಹೆರೆಯುವಾಗ ಉದ್ದುದ್ದ ನಾರುಗಳಿಗೆ ಅಡ್ಡ ಗಾಯವಾಗದಂತೆ ನೋಡಿಕೊಳ್ಳಬೇಕು. ಸ್ನಾಯುರಜ್ಜುವಿನ ತೂಕದ ಹೆಚ್ಚಿನ ಪಾಲು ನೀರು. ಒಣಗಿದರೆ ಅದರ ಗುಣ ಬದಲಾಗುತ್ತದೆ. ಆದ್ದರಿಂದ ಸಿದ್ಧತೆಯ ಉದ್ದಕ್ಕೂ ಲವಣದ್ರಾವಣದಲ್ಲಿ ನೆನೆಸಿದ ಬಟ್ಟೆಯನ್ನು ಹೊದಿಸಿ ಹಸಿಯಾಗಿಡುತ್ತಾರೆ.

### ಮಡಚುವಿಕೆ ಮತ್ತು ದಪ್ಪ

ಸ್ನಾಯುರಜ್ಜುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ. ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ವ್ಯಾಸದಲ್ಲಿನ ಚಿಕ್ಕ ವ್ಯತ್ಯಾಸವೂ ದೊಡ್ಡದಾಗುತ್ತದೆ. 7 ಮಿ.ಮೀ. ವ್ಯಾಸದ ಕಸಿಯ ವಿಸ್ತೀರ್ಣ ಸುಮಾರು 38.5 ಚದರ ಮಿ.ಮೀ., 8 ಮಿ.ಮೀ. ಕಸಿಯದು 50.3, ಮತ್ತು 9 ಮಿ.ಮೀ. ಕಸಿಯದು 63.6. ಅಂದರೆ ವ್ಯಾಸ ಒಂದು ಮಿ.ಮೀ. ಹೆಚ್ಚಿ 7ರಿಂದ 8 ಆದರೆ ಭಾರ ಹೊರುವ ಅಂಗಾಂಶ ಶೇ. 30ರಷ್ಟು ಹೆಚ್ಚುತ್ತದೆ.

ರೋಗಿಗಳ ಅನುಭವವೂ ಇದಕ್ಕೆ ಹೊಂದಿಕೊಂಡಿದೆ. 256 ರೋಗಿಗಳನ್ನು ಕುರಿತು 2012ರಲ್ಲಿ ಪ್ರಕಟವಾದ ಮ್ಯಾಗ್ನಸನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, 8 ಮಿ.ಮೀ.ಗಿಂತ ದಪ್ಪನೆಯ ಕಸಿ ಪಡೆದವರಲ್ಲಿ ಶೇ. 1.7 ಮಂದಿಗೆ ಮರುಶಸ್ತ್ರಚಿಕಿತ್ಸೆ ಬೇಕಾಯಿತು. 7.5ರಿಂದ 8 ಮಿ.ಮೀ. ಕಸಿಯವರಲ್ಲಿ ಈ ಪ್ರಮಾಣ ಶೇ. 6.5, ಮತ್ತು 7 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಕಸಿಯವರಲ್ಲಿ ಶೇ. 13.6. ವಯಸ್ಸು ಕಡಿಮೆಯಾದಷ್ಟೂ ಅಪಾಯ ಹೆಚ್ಚು ಎಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂದಿತು. ಆ ಬಳಿಕ 8 ಮಿ.ಮೀ. ಎಂಬುದು ಹ್ಯಾಮ್‌ಸ್ಟ್ರಿಂಗ್ ಕಸಿಗೆ ವ್ಯಾಪಕವಾಗಿ ಒಪ್ಪಿತವಾದ ಕನಿಷ್ಠ ಗುರಿಯಾಯಿತು.

ಎರಡು ಸ್ನಾಯುರಜ್ಜುಗಳನ್ನು ಒಂದೊಂದು ಬಾರಿ ಮಡಚಿದರೆ ನಾಲ್ಕು ಎಳೆಗಳಾಗುತ್ತವೆ. ಅದರಿಂದ 8 ಮಿ.ಮೀ. ದಪ್ಪ ಬಾರದಿದ್ದರೆ ಸೆಮಿಟೆಂಡಿನೋಸಸ್ ಅನ್ನು ಮೂರು ಎಳೆಯಾಗಿ ಮಡಚಿ ಒಟ್ಟು ಐದು ಎಳೆ, ಅಥವಾ ಎರಡನ್ನೂ ಮೂರಾಗಿ ಮಡಚಿ ಆರು ಎಳೆ ಮಾಡಬಹುದು. ಸೆಮಿಟೆಂಡಿನೋಸಸ್ ಒಂದನ್ನೇ ನಾಲ್ಕು ಮಡಿಕೆಯಾಗಿಸಿ ಗ್ರಾಸಿಲಿಸ್ ಅನ್ನು ಉಳಿಸುವ ಪದ್ಧತಿಯೂ ಇದೆ. ಪ್ರತಿ ಮಡಿಕೆಗೂ ಉದ್ದ ಕಡಿಮೆಯಾಗುತ್ತದೆ. 28 ಸೆಂ.ಮೀ. ಉದ್ದದ ಸ್ನಾಯುರಜ್ಜು ನಾಲ್ಕು ಮಡಿಕೆಯಾದಾಗ 7 ಸೆಂ.ಮೀ. ಮಾತ್ರ. ಕೀಲಿನೊಳಗೆ ಸುಮಾರು 3 ಸೆಂ.ಮೀ. ಕಳೆದರೆ, ಎರಡೂ ಸುರಂಗಗಳಲ್ಲಿ ತಲಾ 2 ಸೆಂ.ಮೀ. ಉಳಿಯುತ್ತದೆ. ಸುರಂಗದೊಳಗಿನ ಉದ್ದ ತೀರ ಕಡಿಮೆಯಾದರೆ ಮೂಳೆಗೆ ಅಂಟಿಕೊಳ್ಳಲು ಜಾಗ ಸಾಲುವುದಿಲ್ಲ. ಆದ್ದರಿಂದ ದಪ್ಪ ಮತ್ತು ಉದ್ದಗಳ ನಡುವೆ ಹೊಂದಾಣಿಕೆ ಅನಿವಾರ್ಯ.

ಸಿದ್ಧವಾದ ಕಸಿಯನ್ನು ಅರ್ಧ ಮಿ.ಮೀ. ಅಂತರದ ರಂಧ್ರಗಳುಳ್ಳ ಅಳತೆಗೊಳವೆಗಳಲ್ಲಿ ಹಾಯಿಸಿ ವ್ಯಾಸವನ್ನು ಗೊತ್ತುಮಾಡುತ್ತಾರೆ. ಸುರಂಗವನ್ನು ಅದೇ ಅಳತೆಗೆ ಕೊರೆಯಲಾಗುತ್ತದೆ. ಸುರಂಗ ಹಿರಿದಾದರೆ ಕಸಿಗೂ ಮೂಳೆಗೂ ನಡುವೆ ಅಂತರ ಉಳಿದು ಕೂಡಿಕೊಳ್ಳುವಿಕೆ ತಡವಾಗುತ್ತದೆ.

### ಎಳೆಗಳಿಗೆ ಸಮ ಎಳೆತ

ಹಲವು ಎಳೆಗಳ ಕಸಿ ಬಲಶಾಲಿಯಾಗುವುದು ಎಲ್ಲ ಎಳೆಗಳೂ ಒಟ್ಟಿಗೆ ಭಾರ ಹೊತ್ತಾಗ ಮಾತ್ರ. ಒಂದು ಎಳೆ ಬಿಗಿಯಾಗಿದ್ದು ಉಳಿದವು ಸಡಿಲವಾಗಿದ್ದರೆ, ಭಾರವೆಲ್ಲ ಆ ಒಂದರ ಮೇಲೆಯೇ ಬೀಳುತ್ತದೆ. ಅದು ಹರಿದ ಮೇಲೆ ಮುಂದಿನದರ ಸರದಿ. ಎತ್ತುಗಳು ಎಷ್ಟೇ ಇದ್ದರೂ ಒಂದೇ ಸಮನೆ ನೊಗಕ್ಕೆ ಹೆಗಲು ಕೊಡದಿದ್ದರೆ ಬಂಡಿ ಸಾಗದು ಎಂಬಂತೆಯೇ ಇದು.

1999ರಲ್ಲಿ ಹ್ಯಾಮ್ನರ್ ಮತ್ತು ಸಂಗಡಿಗರು ಇದನ್ನು ಪ್ರಯೋಗದಿಂದ ತೋರಿಸಿದರು. ಎರಡು ಎಳೆಯ ಗ್ರಾಸಿಲಿಸ್ 1550 ನ್ಯೂಟನ್‌ಗೆ, ಎರಡು ಎಳೆಯ ಸೆಮಿಟೆಂಡಿನೋಸಸ್ 2330 ನ್ಯೂಟನ್‌ಗೆ ಹರಿದವು. ಪ್ರತಿ ಎಳೆಗೂ ತೂಕ ಕಟ್ಟಿ ಸಮವಾಗಿ ಬಿಗಿದ ನಾಲ್ಕು ಎಳೆಯ ಕಸಿ 4090 ನ್ಯೂಟನ್ ತಡೆಯಿತು, ಅಂದರೆ ಎಳೆಗಳ ಬಲ ಕೂಡುತ್ತ ಹೋಯಿತು. ಆದರೆ ಕೈಯಿಂದ ಎಳೆದು ಬಿಗಿದ ನಾಲ್ಕು ಎಳೆಯ ಕಸಿಯು ಸಮವಾಗಿ ಬಿಗಿದ ಎರಡು ಎಳೆಯ ಸೆಮಿಟೆಂಡಿನೋಸಸ್‌ಗಿಂತ ಗಣನೀಯವಾಗಿ ಬಲಶಾಲಿಯಾಗಿರಲಿಲ್ಲ. ಅನುಭವಿಗಳ ಕೈ ಕೂಡ ಎಳೆತವನ್ನು ಸಮವಾಗಿ ಹಂಚಲಾರದು ಎಂಬುದು ಇದರ ಸಾರ. ಎಳೆಗಳನ್ನು ಸಮನಾಗಿ ಹಿಡಿಯುವ ಸಿದ್ಧತಾ ಹಲಗೆಗಳು ಬಳಕೆಯಲ್ಲಿರುವುದು ಇದೇ ಕಾರಣಕ್ಕೆ.

### ಹೆಣೆಯುವಿಕೆ ಮತ್ತು ಹುರಿ

ಎಳೆಗಳನ್ನು ಜಡೆಯಂತೆ ಹೆಣೆದರೆ ಅಥವಾ ಹುರಿ ಮಾಡಿದರೆ ಕಸಿ ಗಟ್ಟಿಯಾಗಬಹುದೆಂಬ ಊಹೆ ಸಹಜ. ಪುಂಡಿ ನಾರಿನ ಹಗ್ಗ ಹೊಸೆದಷ್ಟೂ ಗಟ್ಟಿ ಎಂಬುದು ಹೊಲದ ಅನುಭವ. ಸ್ನಾಯುರಜ್ಜುವಿಗೆ ಈ ನಿಯಮ ಅನ್ವಯಿಸುವುದಿಲ್ಲ. ಹಗ್ಗದ ನಾರುಗಳು ಹಗ್ಗಕ್ಕಿಂತ ಬಹಳ ಗಿಡ್ಡ. ಹೊಸೆದಾಗ ಹುಟ್ಟುವ ಉಜ್ಜಾಟವೇ ಅವನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಸ್ನಾಯುರಜ್ಜುವಿನ ಕೊಲ್ಯಾಜೆನ್ ನಾರಿನ ಕಟ್ಟುಗಳಾದರೋ ತುದಿಯಿಂದ ತುದಿಯವರೆಗೆ ಎಳೆತದ ದಿಕ್ಕಿನಲ್ಲಿಯೇ ಜೋಡಿಸಿಕೊಂಡಿರುತ್ತವೆ. ಅವನ್ನು ಹೆಣೆದಾಗ ನಾರುಗಳು ಎಳೆತಕ್ಕೆ ಓರೆಯಾಗುತ್ತವೆ, ಒಂದು ಎಳೆ ಇನ್ನೊಂದನ್ನು ಒತ್ತುತ್ತದೆ. ಹ್ಯಾಮ್‌ಸ್ಟ್ರಿಂಗ್ ಕಸಿಗಳನ್ನು ಹೆಣೆದು ನಡೆಸಿದ ಪ್ರಯೋಗಗಳಲ್ಲಿ ಬಲ ಮತ್ತು ಪೆಡಸುತನ ಹೆಚ್ಚುವ ಬದಲು ತಗ್ಗಿದ್ದು ಕಂಡುಬಂದಿದೆ. ಆದ್ದರಿಂದ ಎಳೆಗಳನ್ನು ಸಮಾನಾಂತರವಾಗಿ ಇಡುವುದೇ ರೂಢಿ.

### ಹೊಲಿಗೆ

ಕಸಿಯ ತುದಿಗಳನ್ನು ಸಾಮಾನ್ಯವಾಗಿ ಬಲವಾದ ಪಾಲಿಎಥಿಲೀನ್ ದಾರದಿಂದ ಹೊಲಿಯಲಾಗುತ್ತದೆ. ಸುರಂಗದ ಮೂಲಕ ಕಸಿಯನ್ನು ಎಳೆಯುವುದಕ್ಕೂ, ಕೆಲವು ಪದ್ಧತಿಗಳಲ್ಲಿ ಅದನ್ನು ಮೂಳೆಗೆ ಬಿಗಿಯುವುದಕ್ಕೂ ಈ ದಾರವೇ ಆಧಾರ. ದಾರವು ನಾರುಗಳ ನಡುವೆ ನೇರವಾಗಿ ಹಾಯ್ದಿದ್ದರೆ, ಎಳೆದಾಗ ಅದು ನಾರುಗಳನ್ನು ಸೀಳುತ್ತ ತುದಿಯತ್ತ ಜಾರಬಹುದು. ಅಮೆರಿಕದ ಮೂಳೆ ತಜ್ಞ ಕೆನೆತ್ ಕ್ರಾಕೋ ಮತ್ತು ಸಂಗಡಿಗರು 1986ರಲ್ಲಿ ವಿವರಿಸಿದ ಬೀಗದ ಹೊಲಿಗೆಯಲ್ಲಿ, ಪ್ರತಿ ಕುಣಿಕೆಯೂ ಒಂದಷ್ಟು ನಾರುಗಳನ್ನು ಸುತ್ತುವರಿದು ಹಿಡಿಯುತ್ತದೆ. ಎಳೆತ ಹೆಚ್ಚಿದಂತೆ ಹಿಡಿತವೂ ಬಿಗಿಯಾಗುತ್ತದೆ. ಬೀಗವಿಲ್ಲದ ಸುತ್ತು ಹೊಲಿಗೆ ಬೇಗ ಮುಗಿಯುತ್ತದೆ ಮತ್ತು ವ್ಯಾಪಕವಾಗಿ ಬಳಕೆಯಲ್ಲಿದೆ.

ಹೊಲಿಗೆ ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆ ಎಂದೇನೂ ಇಲ್ಲ. ಸೂಜಿ ಹಾಯ್ದ ಪ್ರತಿ ಕಡೆಯೂ ಕೆಲವು ನಾರುಗಳು ಕತ್ತರಿಸುತ್ತವೆ, ಹಾಗೂ ದಾರದಿಂದ ತುದಿ ದಪ್ಪವಾಗಿ ಸುರಂಗದಲ್ಲಿ ಸಿಲುಕಬಹುದು. ಹೊಲಿಗೆಯಲ್ಲಿ ಉಳಿದ ಸಡಿಲವು ಎಳೆದಾಗ ಬಿಗಿಯುತ್ತ ಹೋಗುವುದರಿಂದ ಕಸಿ ಹಿಗ್ಗಿದಂತೆಯೇ ಆಗುತ್ತದೆ. ಆದ್ದರಿಂದ ಕುಣಿಕೆಗಳನ್ನು ಒಂದೊಂದಾಗಿ ಬಿಗಿಗೊಳಿಸುತ್ತ ಸಾಗಬೇಕು.

### ಪೂರ್ವ ಹಿಗ್ಗಿಸುವಿಕೆ

ವಿಶ್ರಾಂತ ಸ್ಥಿತಿಯಲ್ಲಿ ಕೊಲ್ಯಾಜೆನ್ ನಾರುಗಳು ಅಲೆಯಂತೆ ಸುಕ್ಕಾಗಿರುತ್ತವೆ. ಎಳೆದಾಗ ಮೊದಲು ಈ ಸುಕ್ಕು ಬಿಚ್ಚಿಕೊಳ್ಳುತ್ತದೆ. ಆ ಬಳಿಕವೂ ಸ್ಥಿರ ಭಾರದ ಅಡಿಯಲ್ಲಿ ಸ್ನಾಯುರಜ್ಜು ನಿಧಾನವಾಗಿ ಉದ್ದವಾಗುತ್ತ ಹೋಗುತ್ತದೆ. ಒಂದೇ ಉದ್ದಕ್ಕೆ ಎಳೆದು ಹಿಡಿದರೆ ಅದರಲ್ಲಿನ ಎಳೆತ ಹೊತ್ತು ಕಳೆದಂತೆ ತಗ್ಗುತ್ತದೆ. ಸಿದ್ಧಗೊಳಿಸದ ಕಸಿಯನ್ನು ನೇರವಾಗಿ ಕೂರಿಸಿದರೆ ಈ ಸಡಿಲಿಕೆ ಮೊಣಕಾಲಿನೊಳಗೆ ನಡೆದು, ಶಸ್ತ್ರಚಿಕಿತ್ಸಕರು ಕೊಟ್ಟ ಬಿಗಿ ಕಳೆದುಹೋಗುತ್ತದೆ.

ಇದನ್ನು ತಪ್ಪಿಸಲು ಕಸಿಯನ್ನು ಹಲಗೆಯ ಮೇಲೆ ಹಿಡಿಸಿ, ಸಾಮಾನ್ಯವಾಗಿ 80 ನ್ಯೂಟನ್ (ಸುಮಾರು 8 ಕಿಲೋಗ್ರಾಂ) ಎಳೆತದಲ್ಲಿ 10ರಿಂದ 15 ನಿಮಿಷ ಇಡುತ್ತಾರೆ. ಕೂರಿಸಿದ ಬಳಿಕ, ಅಂತಿಮವಾಗಿ ಬಿಗಿಯುವ ಮೊದಲು, ಮೊಣಕಾಲನ್ನು ಹಲವು ಬಾರಿ ಮಡಚಿ ಚಾಚುವುದೂ ಇದೇ ಉದ್ದೇಶಕ್ಕೆ. ಪ್ರಯೋಗಾಲಯದಲ್ಲಿ ಇದರ ಪ್ರಯೋಜನ ಸ್ಪಷ್ಟ. ರೋಗಿಗಳಲ್ಲಿ ಅಷ್ಟು ಸ್ಪಷ್ಟವಲ್ಲ: ಮಂಡಿಚಿಪ್ಪಿನ ಸ್ನಾಯುರಜ್ಜುವನ್ನು ಬಳಸಿ ಸ್ವೀಡನ್ನಿನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷಗಳ ಬಳಿಕ ಪೂರ್ವದಲ್ಲಿ ಹಿಗ್ಗಿಸಿದ ಮತ್ತು ಹಿಗ್ಗಿಸದ ಕಸಿಗಳ ನಡುವೆ ಮೊಣಕಾಲಿನ ಸಡಿಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅತಿಯಾದ ಎಳೆತವೂ ಒಳ್ಳೆಯದಲ್ಲ. ಅದರಿಂದ ನಾರುಗಳಿಗೆ ಸೂಕ್ಷ್ಮ ಗಾಯವಾಗಬಹುದು, ಮೊಣಕಾಲು ಬಿಗಿದು ಪೂರ್ತಿ ಚಾಚಲಾಗದಂತೆ ಆಗಬಹುದು.

### ಸೋಂಕಿನಿಂದ ರಕ್ಷಣೆ

ಕೀಲಿನ ಸೋಂಕು ಅಪರೂಪವಾದರೂ ಕಸಿಯನ್ನೇ ನಾಶಮಾಡಬಲ್ಲದು. ಸಿದ್ಧವಾದ ಕಸಿಯನ್ನು ವ್ಯಾಂಕೋಮೈಸಿನ್ ಪ್ರತಿಜೈವಿಕದ ದ್ರಾವಣದಲ್ಲಿ (ಮಿಲಿಲೀಟರಿಗೆ 5 ಮಿಲಿಗ್ರಾಂ) ಅದ್ದಿದ ಬಟ್ಟೆಯಿಂದ ಸುತ್ತುವ ಪದ್ಧತಿಯನ್ನು ಆಸ್ಟ್ರೇಲಿಯಾದ ವರ್ಟುಲ್ಲೋ ಮತ್ತು ಸಂಗಡಿಗರು 2012ರಲ್ಲಿ ವರದಿಮಾಡಿದರು. ಹೀಗೆ ಮಾಡದ 285 ರೋಗಿಗಳಲ್ಲಿ ಶೇ. 1.4 ಮಂದಿಗೆ ಸೋಂಕು ತಗುಲಿದ್ದರೆ, ಮಾಡಿದ 870 ರೋಗಿಗಳಲ್ಲಿ ಯಾರಿಗೂ ತಗುಲಿರಲಿಲ್ಲ. ನಂತರದ ಅಧ್ಯಯನಗಳೂ ಇದನ್ನು ಬೆಂಬಲಿಸಿವೆ. ಈ ಪ್ರಮಾಣದ ದ್ರಾವಣವು ಸ್ನಾಯುರಜ್ಜುವಿನ ಬಲವನ್ನು ಕುಗ್ಗಿಸುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ.

## ಸಿದ್ಧತೆಯ ಮಿತಿ

ಮೇಜಿನ ಮೇಲೆ 4000 ನ್ಯೂಟನ್ ತಡೆಯುವ ಕಸಿ ಮೊಣಕಾಲಿನೊಳಗೆ ಮೊದಲ ದಿನವೇ ಅಷ್ಟು ತಡೆಯುವುದಿಲ್ಲ. ಆರಂಭದ ವಾರಗಳಲ್ಲಿ ದುರ್ಬಲ ಕೊಂಡಿ ಕಸಿಯಲ್ಲ, ಅದನ್ನು ಮೂಳೆಗೆ ಹಿಡಿಸಿದ ಸ್ಥಳ. 2003ರಲ್ಲಿ ಹಂದಿಯ ತೊಡೆಮೂಳೆಗಳ ಮೇಲೆ ನಡೆದ ಹೋಲಿಕೆಯಲ್ಲಿ, ಮೂಳೆಯ ಹೊರಗೆ ತಂಗುವ ಎಂಡೋಬಟನ್ ಎಂಬ ಗುಂಡಿ ಸರಾಸರಿ 1086 ನ್ಯೂಟನ್‌ವರೆಗೆ ಹಿಡಿದು ನಿಂತಿತು. ಸುರಂಗದಲ್ಲಿ ಕಸಿಯನ್ನು ಒತ್ತಿ ಹಿಡಿಯುವ, ದೇಹದಲ್ಲಿ ಕರಗುವ ತಿರುಪುಗಳಲ್ಲಿ ಒಂದು 589 ನ್ಯೂಟನ್‌ಗೆ ಬಿಟ್ಟುಕೊಟ್ಟಿತು.

ಕಸಿ ಮೂಳೆಗೆ ಅಂಟಿಕೊಳ್ಳಲು ಸಮಯ ಬೇಕು. 1993ರಲ್ಲಿ ರೋಡಿಯೋ ಮತ್ತು ಸಂಗಡಿಗರು ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮೊದಲ 8 ವಾರಗಳವರೆಗೆ ಎಳೆದಾಗ ಸ್ನಾಯುರಜ್ಜು ಸುರಂಗದಿಂದ ಕಿತ್ತುಬರುತ್ತಿತ್ತು. 12ನೇ ವಾರದಿಂದ ಹಾಗೆ ಕಿತ್ತುಬರಲಿಲ್ಲ. ಮೂಳೆಗೂ ಸ್ನಾಯುರಜ್ಜುವಿಗೂ ನಡುವೆ ಬೆಳೆದ ಕೊಲ್ಯಾಜೆನ್ ನಾರುಗಳೇ ಇದಕ್ಕೆ ಕಾರಣ.

ಇದರ ಜೊತೆಗೆ ಕಸಿಯೊಳಗೂ ಬದಲಾವಣೆ ನಡೆಯುತ್ತದೆ. ರಕ್ತಪೂರೈಕೆ ಕಳೆದುಕೊಂಡ ಕಸಿಯ ಜೀವಕೋಶಗಳು ಮೊದಲು ಸಾಯುತ್ತವೆ. ಅನಂತರ ಹೊಸ ರಕ್ತನಾಳಗಳೂ ಜೀವಕೋಶಗಳೂ ಒಳಬಂದು ನಾರುಗಳನ್ನು ಮರುಜೋಡಿಸುತ್ತವೆ. ಸ್ನಾಯುರಜ್ಜು ಕ್ರಮೇಣ ಅಸ್ಥಿರಜ್ಜುವಿನಂತಾಗುವ ಈ ಪ್ರಕ್ರಿಯೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಮರುಜೋಡಣೆಯ ನಡುವಿನ ತಿಂಗಳುಗಳಲ್ಲಿ ಕಸಿ ತನ್ನ ಅತಿ ದುರ್ಬಲ ಸ್ಥಿತಿಯಲ್ಲಿರುತ್ತದೆ. ನೋವು ಮತ್ತು ಊತ ಇಳಿದು ಕಾಲು ಸರಿಹೋಯಿತೆಂಬ ಭಾವನೆ ಮೂಡುವುದೂ ಅದೇ ಸಮಯದಲ್ಲಿ. 2016ರಲ್ಲಿ ಪ್ರಕಟವಾದ ಗ್ರಿಂಡೆಮ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಆಟಕ್ಕೆ ಮರಳುವುದನ್ನು 9 ತಿಂಗಳವರೆಗೆ ಮುಂದೂಡಿದ ಪ್ರತಿ ತಿಂಗಳಿಗೂ ಮೊಣಕಾಲಿಗೆ ಮರುಗಾಯವಾಗುವ ಪ್ರಮಾಣ ಶೇ. 51ರಷ್ಟು ಕಡಿಮೆಯಾಯಿತು.

## ಕರ್ನಾಟಕದ ಸಂದರ್ಭ

ಉತ್ತರ ಕರ್ನಾಟಕದಲ್ಲಿ ಕಬಡ್ಡಿ, ಕೊಕ್ಕೊ ಮತ್ತು ಕುಸ್ತಿ ಜನಪ್ರಿಯ ಆಟಗಳು. ಮೂರರಲ್ಲಿಯೂ ಮೊಣಕಾಲು ತಿರುಚುವ ಸಂದರ್ಭಗಳು ಹೆಚ್ಚು. ಕಬಡ್ಡಿಯಲ್ಲಿ ಎದುರಾಳಿಗಳು ದಾಳಿಗಾರನ ಹರಡನ್ನೋ ತೊಡೆಯನ್ನೋ ಹಿಡಿದಾಗ ಪಾದ ನೆಲದಲ್ಲಿ ಊರಿರುತ್ತದೆ, ದೇಹ ಮಾತ್ರ ಗೆರೆಯತ್ತ ತಿರುಗುತ್ತದೆ. ಹಿಂದೆ ಬೆಂಗಳೂರು ಬುಲ್ಸ್ ತಂಡದ ದಾಳಿಗಾರರಾಗಿದ್ದ ಪವನ್ ಸೆಹ್ರಾವತ್, 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳ್ ತಲೈವಾಸ್ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಗಾಯಗೊಂಡು ಪ್ರೊ ಕಬಡ್ಡಿಯ ಆ ಆವೃತ್ತಿಯಿಂದ ಹೊರಗುಳಿದರು. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡಕ್ಕೆ ಅವರೇ ನಾಯಕರಾಗಿದ್ದರು.

ಕಸಿಯ ಆಯ್ಕೆಯಲ್ಲಿ ಆಟದಷ್ಟೇ ದಿನನಿತ್ಯದ ಬದುಕೂ ಮುಖ್ಯ. ಭೀಮಾ ತೀರದ ದೇವಣಗಾಂವದಂತಹ ಊರುಗಳಲ್ಲಿ ಕಳೆ ತೆಗೆಯುವುದು, ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಪೂಜೆ ಅಥವಾ ನಮಾಜಿಗಾಗಿ ಮಂಡಿಯೂರುವುದು ಸಾಮಾನ್ಯ. ಮಂಡಿಚಿಪ್ಪಿನ ಸ್ನಾಯುರಜ್ಜುವನ್ನು ತೆಗೆದವರಿಗೆ ಮಂಡಿಯೂರುವಾಗ ನೋವಾಗುವ ಸಾಧ್ಯತೆ ಇರುವುದರಿಂದ, ಹೀಗೆ ಬದುಕುವವರಿಗೆ ಹ್ಯಾಮ್‌ಸ್ಟ್ರಿಂಗ್ ಕಸಿ ಅನುಕೂಲ. ಹ್ಯಾಮ್‌ಸ್ಟ್ರಿಂಗ್ ತೆಗೆದರೂ ಮೊಣಕಾಲನ್ನು ಪೂರ್ತಿ ಮಡಚುವಾಗಿನ ಶಕ್ತಿ ಸ್ವಲ್ಪ ಕುಗ್ಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಂಡಿಚಿಪ್ಪಿನ ಪಟ್ಟಿಯನ್ನು ಬೇಕಾದ ಅಗಲಕ್ಕೆ ಕತ್ತರಿಸಿಕೊಳ್ಳಬಹುದು. ಹ್ಯಾಮ್‌ಸ್ಟ್ರಿಂಗ್‌ನ ದಪ್ಪವು ವ್ಯಕ್ತಿಯ ಮೈಕಟ್ಟಿಗೆ ತಕ್ಕಂತೆ ಇರುತ್ತದೆ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳಲ್ಲಿ ರೋಗಿಯ ಎತ್ತರಕ್ಕೂ ಕಸಿಯ ವ್ಯಾಸಕ್ಕೂ ಸಂಬಂಧ ಕಂಡುಬಂದಿದೆ. ಗಿಡ್ಡ ಮೈಕಟ್ಟಿನವರಲ್ಲಿ ನಾಲ್ಕು ಎಳೆಯ ಕಸಿ 8 ಮಿ.ಮೀ. ಮುಟ್ಟದಿರಬಹುದು. ಅಂಥವರಲ್ಲಿ ಐದು ಅಥವಾ ಆರು ಎಳೆಯ ಮಡಿಕೆ, ಇಲ್ಲವೆ ಪೆರೋನಿಯಸ್ ಲಾಂಗಸ್‌ನ ಬಳಕೆ ಪರ್ಯಾಯವಾಗುತ್ತದೆ. ಹೀಗೆ ಇಲ್ಲಿನ ಜೀವನಕ್ರಮಕ್ಕೆ ಹೊಂದುವ ಕಸಿಯೇ ಹೆಚ್ಚು ಸಿದ್ಧತೆಯನ್ನು ಬೇಡುತ್ತದೆ.

ವಿಜಯಪುರ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಅಲ್-ಅಮೀನ್ ಮತ್ತು ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳು ಆರಂಭವಾದವು. ಬೆಂಗಳೂರಿನ ಸಂಜಯ್ ಗಾಂಧಿ ಆಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆಯು ಈ ಕ್ಷೇತ್ರಕ್ಕೆ ಮೀಸಲಾದ ಸರ್ಕಾರಿ ಸಂಸ್ಥೆ. ಗ್ರಾಮೀಣ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ಬಳಿಕದ ವ್ಯಾಯಾಮವೇ ಹೆಚ್ಚಾಗಿ ತೊಡಕಾಗುತ್ತದೆ, ಏಕೆಂದರೆ ಭೌತಚಿಕಿತ್ಸೆಗಾಗಿ ಮತ್ತೆ ಮತ್ತೆ ಪಟ್ಟಣಕ್ಕೆ ಹೋಗಬೇಕು. ಸೈಕಲ್ ತುಳಿಯುವುದು ಮೊಣಕಾಲನ್ನು ತಿರುಚದೆ ತೊಡೆಯ ಸ್ನಾಯುಗಳನ್ನು ಬಲಪಡಿಸುತ್ತದೆ. ಸ್ಥಿರ ಸೈಕಲ್ ಪುನಶ್ಚೇತನದ ಆರಂಭಿಕ ಹಂತದಲ್ಲಿಯೇ ಬಳಕೆಯಾಗುವುದು ಇದಕ್ಕಾಗಿ. ಹೊಲದ ಉಬ್ಬುತಗ್ಗಿನಲ್ಲಿ ಭಾರ ಹೊತ್ತು ನಡೆಯುವುದು, ಕುಕ್ಕರಗಾಲಲ್ಲಿ ಕೂರುವುದು ಮತ್ತು ತಾಲೀಮಿಗೆ ಮರಳುವುದು ಯಾವಾಗ ಎಂಬುದನ್ನು ವೈದ್ಯರು ಸ್ನಾಯುಬಲ ಮತ್ತು ಮೊಣಕಾಲಿನ ಸ್ಥಿರತೆಯನ್ನು ಪರೀಕ್ಷಿಸಿ ತಿಳಿಸುತ್ತಾರೆ.

## ಸಾರಾಂಶ

* ಕಸಿಯ ವ್ಯಾಸ 8 ಮಿ.ಮೀ. ಅಥವಾ ಹೆಚ್ಚಿದ್ದರೆ ಮರುಶಸ್ತ್ರಚಿಕಿತ್ಸೆಯ ಪ್ರಮಾಣ ಕಡಿಮೆ.
* ಎಳೆಗಳ ಸಂಖ್ಯೆ ಹೆಚ್ಚಿದರೆ ಸಾಲದು, ಎಳೆತ ಸಮವಾಗಿ ಹಂಚಿರಬೇಕು.
* ಹೆಣೆಯುವುದರಿಂದ ಬಲ ಹೆಚ್ಚುವುದಿಲ್ಲ.
* ಪೂರ್ವ ಹಿಗ್ಗಿಸುವಿಕೆ ಕೂರಿಸಿದ ಬಳಿಕದ ಸಡಿಲಿಕೆಯನ್ನು ಕಡಿಮೆ ಮಾಡುತ್ತದೆ, ಆದರೆ ದೀರ್ಘಕಾಲದ ಪ್ರಯೋಜನ ಖಚಿತವಾಗಿಲ್ಲ.
* ಆರಂಭದ ವಾರಗಳಲ್ಲಿ ಕಸಿಯನ್ನು ಮೂಳೆಗೆ ಹಿಡಿಸಿದ ಸ್ಥಳವೂ, ನಂತರದ ತಿಂಗಳುಗಳಲ್ಲಿ ಮರುಜೋಡಣೆಗೊಳ್ಳುತ್ತಿರುವ ಕಸಿಯೂ ದುರ್ಬಲವಾಗಿರುತ್ತವೆ. ಸಿದ್ಧತೆ ಎಷ್ಟೇ ಚೆನ್ನಾಗಿದ್ದರೂ ಈ ಅವಧಿಯನ್ನು ಕಾದು ಕಳೆಯಲೇಬೇಕು.

## ಇವನ್ನೂ ನೋಡಿ

* ಮೊಣಕಾಲು
* ಸ್ನಾಯುರಜ್ಜು
* ಕೊಲ್ಯಾಜೆನ್
* ಆರ್ತ್ರೋಸ್ಕೋಪಿ
* ಭೌತಚಿಕಿತ್ಸೆ